ಗುರ್ಕಾರನ ಮಂಡೆಬಿಸಿ

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಶವಪೆಟ್ಟಿಗೆ ಹಿಡಿಸುವುದಿಲ್ಲ. ಇದು ನನಗೆ ಹೊಳೆದದ್ದು ನಾನು ಗುರ್ಕಾರನಾದ ವಾರದಲ್ಲಿ. ತರಕಾರಿ ಚೀಲ ಹಿಡಿದುಕೊಂಡು ಲಿಫ್ಟಿಗೆ ಕಾಯುತ್ತಿದ್ದೆ. ಬಾಗಿಲು ತೆರೆಯಿತು, ಒಳಗೆ ನೋಡಿದೆ, ಎದೆ ಧಸಕ್ಕೆಂದಿತು. ನಾವಿರುವುದು ಆರನೇ ಮಹಡಿಯಲ್ಲಿ. ಅಮ್ಮನಿಗೆ ಎಂಬತ್ತು ದಾಟಿದೆ. ಅಂದು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿಯೇ ಹೋದೆ. ಪ್ರತಿ ತಿರುವಿನಲ್ಲೂ ನಿಂತು, ಎರಡೂ ಕೈ ಚಾಚಿ, ಇಲ್ಲಿ ಪೆಟ್ಟಿಗೆ ತಿರುಗೀತೇ ಎಂದು ಅಂದಾಜು ಮಾಡಿದೆ. ಮೂರನೇ ಮಹಡಿಯಲ್ಲಿ ಯಾರೋ ಬಾಗಿಲು ತೆರೆದವರು, ನಾನು ಶಿಲುಬೆಯ ಹಾಗೆ ಕೈ ಚಾಚಿ ನಿಂತದ್ದು ಕಂಡು, ತಿರುಗಿ ಬಾಗಿಲು ಹಾಕಿಕೊಂಡರು.

ಹೆದರಿಕೆ ನನ್ನ ಹುಟ್ಟುಗುಣ. ಕುವೈಟಿನಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅರ್ಧ ದಾರಿ ಬಂದವನು ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗುತ್ತಿದ್ದೆ. ನನ್ನ ಹೆಂಡತಿ ನರ್ಸು. ಮದುವೆಯಾದ ಹೊಸದರಲ್ಲೇ ನನ್ನ ಬಿ.ಪಿ. ನೋಡಿ, "ನಿಮಗೆ ರೋಗ ಎಂತದೂ ಇಲ್ಲ. ಮಂಡೆಬಿಸಿ ಒಂದು ಉಂಟು, ಅದಕ್ಕೆ ಮದ್ದಿಲ್ಲ" ಎಂದು ತೀರ್ಪು ಕೊಟ್ಟಿದ್ದಳು. ಇಂಥವನನ್ನು ಹಿಡಿದು ಗುರ್ಕಾರ ಮಾಡಿದರು.

ನಮ್ಮ ಕಥೋಲಿಕರಲ್ಲಿ ಒಂದು ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಮನೆಗಳನ್ನು ವಾಳೆಗಳಾಗಿ ಹಂಚಿರುತ್ತಾರೆ. ಒಂದೊಂದು ವಾಳೆಗೆ ಒಬ್ಬ ಗುರ್ಕಾರ. ಪ್ರಾರ್ಥನೆಯ ಕೂಟ ಕರೆಯುವುದು, ಹಬ್ಬಕ್ಕೆ ಜನ ಸೇರಿಸುವುದು, ಸಾವಾದರೆ ಮೊದಲು ಹೋಗಿ ನಿಲ್ಲುವುದು ಅವನ ಕೆಲಸ. ದೇರೆಬೈಲಿನ ಆಚೆ, ನಾನು ಹುಡುಗನಾಗಿದ್ದಾಗ ಹೊಳೆ ದಾಟಿ ಗೇರುಹಣ್ಣು ಕದಿಯಲು ಹೋಗುತ್ತಿದ್ದ ಗುಡ್ಡದಲ್ಲಿ, ಈಗ ಕಟ್ಟಡದ ಮೇಲೆ ಕಟ್ಟಡ. ಇಲ್ಲಿನ ಹಳೇ ಇಗರ್ಜಿಯಲ್ಲಿ ಕೂರಲು ಜಾಗ ಸಾಲದೆ ಹೊಸ ಇಗರ್ಜಿ ಮಾಡಿದರು, ಹೊಸ ವಾಳೆಗಳನ್ನು ಮಾಡಿದರು. ನಮ್ಮ ವಾಳೆಯ ಮೊದಲ ಕೂಟದಲ್ಲಿ ಯಾರು ಗುರ್ಕಾರರಾಗುತ್ತೀರಿ ಎಂದು ಫಾದರ್ ಕೇಳಿದಾಗ ಎಲ್ಲರೂ ನೆಲ ನೋಡುತ್ತಿದ್ದರು. ನಾನೊಬ್ಬ ತಲೆ ಎತ್ತಿದೆ. ಅಷ್ಟೇ ನಾನು ಮಾಡಿದ ತಪ್ಪು.

ಆದರೆ ನನ್ನ ನಿಜವಾದ ಚಿಂತೆ ವಾಳೆಯದ್ದಲ್ಲ, ಅಮ್ಮನದು. ಈ ಫ್ಲ್ಯಾಟಿಗೆ ಬಂದ ದಿನದಿಂದ ಅಮ್ಮನದು ಒಂದೇ ಮಾತು.

"ನಾನು ಸತ್ತರೆ ಇಲ್ಲಿ ಹೂಳ್ಬೇಡ ಪುತಾ. ಹೊಳೆಯಾಚೆ ನಮ್ಮ ಇಗರ್ಜಿಗೆ ಕೊಂಡುಹೋಗು."

"ಅಲ್ಲಿ ನಮ್ಮದು ಎಂತ ಉಂಟು ಅಮ್ಮ? ಮನೆ ಮಾರಿ ಆಯ್ತು. ಅಪ್ಪನನ್ನು ಹೂತ ಗುಂಡಿಯಲ್ಲಿಯೂ ಈಗ ಬೇರೆಯವರಿದ್ದಾರೆ."

ಅದು ಸುಳ್ಳಲ್ಲ. ಹಳೇ ಸ್ಮಶಾನಗಳಲ್ಲಿ ಜಾಗ ಕಡಿಮೆ. ಕೆಲವು ವರ್ಷ ಕಳೆದರೆ ಅದೇ ಗುಂಡಿಗೆ ಇನ್ನೊಬ್ಬರು ಬರುತ್ತಾರೆ.

"ಬೇರೆಯವರಾದ್ರೂ ಗುರ್ತದವರು," ಎನ್ನುತ್ತಿದ್ದಳು ಅಮ್ಮ. "ಇಲ್ಲಿ ಯಾರಿದ್ದಾರೆ? ಹೊಸ ಸ್ಮಶಾನ, ಗೋಡೆ ಮಾತ್ರ ಚಂದ ಉಂಟು. ಖಾಲಿ ಬಸ್ಸಿನಲ್ಲಿ ಒಬ್ಬಳೇ ಕೂತ ಹಾಗೆ ಅಲ್ಲಿ ಮಲಗುದಾ ನಾನು? ಹೊರುವವರು ಯಾರು? ನನ್ನ ಹೆಸರು ಗೊತ್ತಿರುವವರು ಒಬ್ಬರಾದ್ರೂ ಉಂಟಾ ಇಲ್ಲಿ?"

ಇಲ್ಲಿ ನಮಗೆ ಯಾರೂ ಇಲ್ಲ ಎಂದು ಅವಳು ಹೇಳಿದಾಗಲೆಲ್ಲ, ನಾನು ಅವಳನ್ನು ಮನೆಗೆ ಕರೆತಂದದ್ದಲ್ಲ, ಯಾವುದೋ ರೈಲ್ವೆ ಸ್ಟೇಷನ್ನಿನಲ್ಲಿ ಕೂರಿಸಿದ್ದು ಎಂಬ ಸಂಕಟವಾಗುತ್ತಿತ್ತು. ಅದರ ಮೇಲೆ ಮರ್ಯಾದೆಯ ಪ್ರಶ್ನೆ ಬೇರೆ. ಭಾನುವಾರ ಪೂಜೆ ಮುಗಿದ ಮೇಲೆ ಮೈಕಿನ ಎದುರು ನಿಂತು "ಇದು ನಮ್ಮ ಇಗರ್ಜಿ, ನಾವೆಲ್ಲ ಒಂದೇ ಕುಟುಂಬ" ಎಂದು ಊರಿಗೆಲ್ಲ ಹೇಳುವವನ ತಾಯಿಯೇ, ಸತ್ತರೂ ಇಲ್ಲಿ ಬೇಡ ಎನ್ನುತ್ತಾಳೆ. ಅವಳ ಬಾಯಿಂದ ಒಮ್ಮೆ, ಒಂದೇ ಒಂದು ಸಲ, "ಆಗ್ಲಿ, ಇಲ್ಲೇ" ಎಂಬ ಮಾತು ಬರಬೇಕು ಎಂಬುದೇ ನನ್ನ ಹಟವಾಯಿತು.

ಫಾದರ್ ಪ್ರಾಯದಲ್ಲಿ ನನಗಿಂತ ಚಿಕ್ಕವರು, ಬೈಕಿನಲ್ಲಿ ತಿರುಗುವವರು. ಅವರದ್ದೂ ಇದೇ ಕೊರಗು. "ಗುರ್ಕಾರ್ರೇ, ನಮ್ಮ ಜನ ಇಗರ್ಜಿಗೆ ಬರ್ತಾರೆ, ಅದಕ್ಕೆ ತೊಂದರೆ ಇಲ್ಲ. ಒಬ್ಬರ ಮನೆಗೆ ಒಬ್ಬರು ಹೋಗುದಿಲ್ಲ, ಅದೇ ಕಷ್ಟ. ಎಂತಾದ್ರೂ ಮಾಡುವ" ಎನ್ನುತ್ತಿದ್ದರು. ಎಂತಾದರೂ ಮಾಡಬೇಕಾದವನು ನಾನು.

ಮೊಂತಿ ಹಬ್ಬಕ್ಕೆ ವಾಳೆಯ ಊಟ ಇಡುವ ಎಂದೆ. ಮರಿಯಮ್ಮನವರ ಹುಟ್ಟಿದ ದಿನ, ಹೊಸ ತೆನೆಯ ಹಬ್ಬ. ಆಶೀರ್ವಾದ ಮಾಡಿದ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿ ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬಾಳೆ ಎಲೆಯಲ್ಲಿ ತರಕಾರಿ ಊಟ ಮಾಡುವುದು ಕ್ರಮ. ಒಗ್ಗಟ್ಟು ಬೆಳೆಸಲು ಇದಕ್ಕಿಂತ ಒಳ್ಳೆಯ ದಿನ ಯಾವುದು ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ. ಹಬ್ಬದ ದಿನ ಕಟ್ಟಡದ ಕೆಳಗೆ ಮೇಜು ಸಾಲು ಹಾಕಿ ಕಾದೆ. ಒಂದೊಂದೇ ಕಾರು ಹೊರಟಿತು. ಕಿನ್ನಿಗೋಳಿಗೆ, ಮೂಡುಬಿದಿರೆಗೆ, ಬೆಳ್ತಂಗಡಿಗೆ. ಹಬ್ಬದ ಊಟ ಮೂಲಮನೆಯಲ್ಲೇ ಆಗಬೇಕು ಎಂಬುದು ಹುಟ್ಟಿದ ಮಗುವಿಗೂ ಗೊತ್ತಿರುವ ವಿಷಯ, ಗುರ್ಕಾರನೊಬ್ಬನಿಗೆ ನೆನಪಾಗಲಿಲ್ಲ. ಕೊನೆಗೆ ಎಲೆಯ ಮುಂದೆ ಕುಳಿತವರು ನಾನು, ಹೆಂಡತಿ, ಅಮ್ಮ ಮತ್ತು ಫಾದರ್. ನಡುವೆ ಗುಡ್ಡದಷ್ಟು ಹರಿವೆ, ಬೆಂಡೆ, ಹೀರೆಕಾಯಿ.

"ನೋಡಿದೆಯಾ?" ಎಂದಳು ಅಮ್ಮ, ಫಾದರ್ ಎದುರೇ. "ಬದುಕಿದವರೆಲ್ಲ ಹಬ್ಬಕ್ಕೆ ಊರಿಗೆ ಹೋಗ್ತಾರೆ. ಸತ್ತವಳನ್ನು ಮಾತ್ರ ಇಲ್ಲಿ ಬಿಡುದಂತೆ."

ಫಾದರ್ ನಕ್ಕರು. ನನಗೆ ನಗು ಬರಲಿಲ್ಲ.

ಅದೇ ವರ್ಷ, ಮಳೆ ಮುಗಿಯುವ ಹೊತ್ತಿಗೆ, ನಾಲ್ಕನೇ ಮಹಡಿಯ ಮನುಷ್ಯ ತೀರಿಕೊಂಡರು. ನನ್ನ ಪ್ರಾಯದವರೇ, ದುಬೈಯಿಂದ ಬಂದು ಬಹಳ ಕಾಲವಾಗಿರಲಿಲ್ಲ. ಹೆಂಡತಿ ಶಾಲೆಯಲ್ಲಿ ಟೀಚರು, ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಒಂದು ಕೂಟಕ್ಕೂ ಬಂದವರಲ್ಲ. ಲಿಫ್ಟಿನಲ್ಲಿ ಸಿಕ್ಕಿದರೆ "ಮಳೆ ಜೋರುಂಟಲ್ವಾ" ಎನ್ನುತ್ತಿದ್ದೆ. "ಹೌದು, ಹೌದು" ಎನ್ನುತ್ತಿದ್ದರು. ನಮ್ಮ ನಡುವಿನ ಸಂಬಂಧವೆಲ್ಲ ಅಷ್ಟೇ. ಬೆಳಿಗ್ಗೆ ಎದೆನೋವು ಎಂದು ಫಳ್ನೀರಿನ ಆಸ್ಪತ್ರೆಗೆ ಕೊಂಡುಹೋಗಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಫಾದರ್ ನನಗೆ ಫೋನು ಮಾಡಿದರು.

ನಾನು ಆಸ್ಪತ್ರೆಗೆ ಓಡಿದೆ. ಈಗೀಗ ಶವಾಗಾರದಿಂದ ನೇರ ಇಗರ್ಜಿಗೆ ತರುವುದೇ ಹೆಚ್ಚು. ಫ್ಲ್ಯಾಟಿನವರಾದರೆ ಕೆಳಗೆ ಪಾರ್ಕಿಂಗಿನಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ನಾನೂ ಅದನ್ನೇ ಹೇಳಿದೆ. ಅವರ ಹೆಂಡತಿ, ಆ ಟೀಚರು, ತಲೆ ಅಲ್ಲಾಡಿಸಿದರು.

"ಕಾರು ಇಡುವಲ್ಲಿ ಬೇಡ ಸರ್. ಅವರು ಮನೆಗೆ ಬರ್ಲಿ. ಎಷ್ಟು ವರ್ಷ ಹೊರಗೇ ಇದ್ದವರು."

ಮರುದಿನ ಮಧ್ಯಾಹ್ನ ಮನೆಗೆ ತರುವುದು, ಸಂಜೆಯ ಪೂಜೆಗೆ ಇಗರ್ಜಿಗೆ ಹೊರಡುವುದು ಎಂದು ನಿಶ್ಚಯವಾಯಿತು. ನಾಲ್ಕು ಮಹಡಿ ಇಳಿಸಬೇಕು. ವಾಳೆಯ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದೆ: ಸಾವಿನ ಸುದ್ದಿ, ಹೊರಡುವ ಹೊತ್ತು, ಎಲ್ಲರೂ ಬರಬೇಕು, ಲಿಫ್ಟಿನಲ್ಲಿ ಆಗುವುದಿಲ್ಲ, ಹೊರಲು ಜನ ಬೇಕು. ಕ್ಷಣದಲ್ಲೇ ಉತ್ತರಗಳು ಸುರಿದವು. ಕೈಮುಗಿದ ಚಿತ್ರ, ಮೇಣದ ಬತ್ತಿ, "ಅವರ ಆತ್ಮಕ್ಕೆ ಶಾಂತಿ", ಮತ್ತೆ ಕೈಮುಗಿದ ಚಿತ್ರ. ಅಷ್ಟು ಕೈಗಳನ್ನು ಕಂಡು ನನಗೆ ಧೈರ್ಯ ಬಂತು. ನೋಡು, ಕಷ್ಟಕ್ಕೆ ನಮ್ಮ ಜನ ಆಗುತ್ತಾರೆ ಎಂದು ಅಮ್ಮನಿಗೂ ತೋರಿಸಿದೆ. ಅಮ್ಮ ಕನ್ನಡಕ ಹಾಕಿ ನೋಡಿ, ಫೋನು ನನ್ನ ಕೈಗೇ ತಿರುಗಿ ಕೊಟ್ಟಳು.

ಮರುದಿನ ಬೆಳಿಗ್ಗೆ ನಾನು ಕುರ್ಚಿಗೆ, ಹೂವಿಗೆ, ಕಟ್ಟಡದ ಕಾರ್ಯದರ್ಶಿಯ ಅಪ್ಪಣೆಗೆ ಎಂದು ಫೋನು ಕಿವಿಯಿಂದ ತೆಗೆಯದೆ ಓಡಾಡುತ್ತಿದ್ದೆ. ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ವಾಕರ್ ಹಿಡಿದು ನಿಂತು ಕೇಳಿದಳು.

"ಆ ಮನೆಗೆ ಗಂಜಿ ಯಾರು ಕೊಟ್ಟರು?"

ಸಾವಾದ ಮನೆಯಲ್ಲಿ ಶವ ಹೊರಡುವ ತನಕ ಒಲೆ ಹಚ್ಚುವುದಿಲ್ಲ. ನೆರೆಮನೆಯವರು ಗಂಜಿ ಬೇಯಿಸಿ ತರುವುದು, ಬೇಡ ಬೇಡ ಎಂದರೂ ಬಿಡದೆ ಉಣ್ಣಿಸುವುದು ಹೊಳೆಯಾಚೆ ನಡೆದುಬಂದ ರೀತಿ.

"ಈಗ ಯಾರಮ್ಮ ಅದೆಲ್ಲ ಮಾಡುದು? ಹೋಟೆಲಿಂದ ತರಿಸಿರ್ಬಹುದು."

"ಕೇಳಿದೆಯಾ?"

"ಇಲ್ಲ. ನನಗೆ ನೂರು ಕೆಲಸ ಉಂಟು."

"ಗುರ್ಕಾರಂತೆ," ಎಂದು ಗೊಣಗಿ ಅಮ್ಮ ಒಳಗೆ ಹೋದಳು.

ಹೂವಿಗೆಂದು ಕೊಡಿಯಾಲ್‌ಬೈಲಿಗೆ ಹೋದವನು ವಾಹನಗಳ ನಡುವೆ ಸಿಕ್ಕಿಕೊಂಡೆ. ತಿರುಗಿ ಬರುವಾಗ ಮನೆಯ ಬಾಗಿಲು ಅರ್ಧ ತೆರೆದಿತ್ತು. ಕರೆದೆ, ಉತ್ತರವಿಲ್ಲ. ಕೋಣೆಯಲ್ಲಿಲ್ಲ, ಬಚ್ಚಲಿನಲ್ಲಿಲ್ಲ. ವಾಕರ್ ಕೂಡ ಇಲ್ಲ. ಸೊಂಟದ ಆಪರೇಷನ್ ಆದ ಮೇಲೆ ಅಮ್ಮ ಒಬ್ಬಳೇ ಹೊಸಿಲು ದಾಟಿದವಳಲ್ಲ. ನನ್ನ ಕಾಲು ಮೊದಲು ಹೋದದ್ದು ಬಾಲ್ಕನಿಗೆ. ಕಬ್ಬಿಣದ ಸರಳು ಹಿಡಿದು ಕೆಳಗೆ ನೋಡಿದೆ. ಕೆಳಗೆ ವಾಚ್‌ಮನ್ ಕಾರು ತೊಳೆಯುತ್ತಿದ್ದ. ಮತ್ತೆ ಅಡುಗೆಮನೆಗೆ ಓಡಿದೆ. ಒಲೆ ಬಿಸಿಯಾಗಿತ್ತು, ಒಲೆಯ ಬದಿಯಲ್ಲಿರುತ್ತಿದ್ದ ದೊಡ್ಡ ಪಾತ್ರೆ ಕಾಣಲಿಲ್ಲ. ಆಗ ತಿಳಿಯಿತು. ಮೆಟ್ಟಿಲು ಹಾರಿಕೊಂಡು ನಾಲ್ಕನೇ ಮಹಡಿಗೆ ಇಳಿದೆ.

ಸಾವಿನ ಮನೆಯ ಬಾಗಿಲ ಹೊರಗೆ ಮೊದಲನೇ ಮಹಡಿಯವರು ನಿಂತಿದ್ದರು. ಅವರು ಮೊಗವೀರರು. ತಂದೆಯ ಕಾಲದಲ್ಲಿ ಸಮುದ್ರಕ್ಕೆ ಹೋಗುತ್ತಿದ್ದ ಮನೆ, ಈಗ ಅಣ್ಣತಮ್ಮಂದಿರು ಬಂದರಿನ ದಕ್ಕೆಯಲ್ಲಿ ಮೀನು ವ್ಯಾಪಾರ ಮಾಡುತ್ತಾರೆ. ಕಟ್ಟಡದ ನೀರಿನ ಜಗಳಗಳಲ್ಲಿ ಮಾತ್ರ ನಾವು ಮಾತಾಡಿದ್ದು.

"ನಾನು ನೀರಿನ ಟ್ಯಾಂಕಿ ನೋಡಿ ಇಳಿಯುವಾಗ ನಿಮ್ಮ ಅಮ್ಮ ವಾಕರಿಗೆ ಪಾತ್ರೆ ಸಿಕ್ಕಿಸಿಕೊಂಡು ಲಿಫ್ಟಿನ ಹತ್ರ ಒಬ್ಬರೇ ನಿಂತಿದ್ರು ಸರ್," ಎಂದರು. "ನನ್ನ ಕೈಯಲ್ಲಿ ಪಾತ್ರೆ ಕೊಟ್ಟು, ನಡಿ ಅಂದ್ರು ತುಳುವಲ್ಲಿ. ನಾನು ಎಂತ ಹೇಳುದು?" ಮತ್ತೆ ಸ್ವರ ತಗ್ಗಿಸಿ, "ಪೆಟ್ಟಿಗೆ ಇಳಿಸ್ಲಿಕ್ಕೆ ಜನ ಉಂಟಾ?" ಎಂದರು.

"ಉಂಟು, ಉಂಟು. ನಮ್ಮ ವಾಳೆಯವರೆಲ್ಲ ಬರ್ತಾರೆ," ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿರಬೇಕು.

ಒಳಗೆ ಅಮ್ಮ ಊಟದ ಮೇಜಿನ ತುದಿಯಲ್ಲಿ ಕುಳಿತಿದ್ದಳು. ಹೆಣ್ಣುಮಕ್ಕಳಿಬ್ಬರೂ ಕುಚ್ಚಿಲಕ್ಕಿ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ತಲೆ ತಗ್ಗಿಸಿ ಉಣ್ಣುತ್ತಿದ್ದರು. ತಾಯಿ ಬಟ್ಟಲು ಮುಂದಿಟ್ಟುಕೊಂಡು ಬಿಕ್ಕುತ್ತಿದ್ದರು.

"ಅಳು ಮಗಾ, ಉಣ್ಣು," ಎಂದಳು ಅಮ್ಮ. "ಎರಡೂ ಒಟ್ಟಿಗೆ ಆಗ್ತದೆ. ನನಗೂ ಹಾಗೇ ಆದದ್ದು."

ಗದರಬೇಕು ಎಂದು ಓಡಿಬಂದವನು ಬಾಗಿಲಲ್ಲೇ ನಿಂತೆ.

ಮಧ್ಯಾಹ್ನ ಆಂಬುಲೆನ್ಸಿನವರು ಸ್ಟ್ರೆಚರಿನಲ್ಲಿ ಹೇಗೋ ಮೇಲೆ ತಂದು, ಮಲಗಿಸಿ, ಬೇರೆ ಕರೆ ಉಂಟು ಎಂದು ಹೋದರು. ಪೆಟ್ಟಿಗೆ ಬಂತು. ಊರಿನಿಂದ ಬಂದ ನಾಲ್ಕಾರು ಸಂಬಂಧಿಕರು, ಹೆಚ್ಚಿನವರು ಹೆಂಗಸರು. ಟೀಚರ ಅಣ್ಣ ಒಬ್ಬರು, ಅವರಿಗೂ ಹೃದಯದ ತೊಂದರೆ. ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರುವಾಯಿತು. ನಾನು ಕಿಟಕಿಯ ಬಳಿ ನಿಂತು ದಾರಿ ನೋಡುತ್ತಿದ್ದೆ. ಬಾಯಿ ನಮೋ ಮರಿಯೆ ಹೇಳುತ್ತಿತ್ತು, ಕಣ್ಣು ಗೇಟಿನ ಮೇಲಿತ್ತು. ಒಬ್ಬರೂ ಇಲ್ಲ. ಹೊರಡುವ ಹೊತ್ತು ಬಂತು. ಒಬ್ಬರೂ ಇಲ್ಲ. ವಾಳೆಯ ಒಬ್ಬರಿಗೆ ಫೋನು ಮಾಡಿದೆ.

"ಎಲ್ಲಿದ್ದೀರಿ ಮಾರಾಯ್ರೇ?"

"ನಾವು ಇಗರ್ಜಿಯಲ್ಲಿ ಇದ್ದೇವೆ ಗುರ್ಕಾರ್ರೇ. ನೀವೆಲ್ಲಿ?"

ಇನ್ನೊಬ್ಬರಿಗೆ ಮಾಡಿದೆ. ಅವರೂ ಇಗರ್ಜಿಯಲ್ಲಿ. ಮೂರನೆಯವರೂ ಅಲ್ಲೇ. ಗುರ್ತ ಇಲ್ಲದ ಮನೆಗೆ ಹೋಗುವುದು ಹೇಗೆಂದು ಸಂಕೋಚ, ಅಲ್ಲಿ ಸಂಬಂಧಿಕರು ಇರುತ್ತಾರಲ್ಲ ಎಂಬ ಸಮಾಧಾನ. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ, ರಜೆ ಹಾಕಿ ಬಂದವರೂ ಇದ್ದರು. ಎಲ್ಲರೂ ಬಿಳಿ ಬಟ್ಟೆ ಹಾಕಿಕೊಂಡು, ಇಗರ್ಜಿಯ ಬೆಂಚುಗಳಲ್ಲಿ ಒತ್ತೊತ್ತಾಗಿ ಕುಳಿತು, ಇಲ್ಲಿ ಇಳಿಯಲಾಗದ ಹೆಣಕ್ಕೆ ಕಾಯುತ್ತಿದ್ದರು.

ಬರಲು ಹೇಳೋಣವೆಂದರೆ ಆ ಹೊತ್ತಿನ ವಾಹನಗಳಲ್ಲಿ ಅರ್ಧ ಗಂಟೆ ಬೇಕು. ಟೀಚರು ನನ್ನ ಮುಖ ನೋಡುತ್ತಿದ್ದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಪೆಟ್ಟಿಗೆ ನೋಡಿದೆ. ಆಗ ಮೊದಲನೇ ಮಹಡಿಯವರು ತಮ್ಮಂದಿರನ್ನು ಕರೆದುಕೊಂಡು ಬಂದರು. ಚಪ್ಪಲಿ ಹೊರಗೆ ಬಿಟ್ಟು ಗೋಡೆಗೆ ಒತ್ತಿ ನಿಂತರು.

"ನಾವು ಮುಟ್ಟಬಹುದಾ ಸರ್?" ಎಂದು ಮೆಲ್ಲನೆ ಕೇಳಿದರು.

ಉತ್ತರ ಕೊಟ್ಟವರು ಟೀಚರು.

"ಹಿಡೀರಿ ಅಣ್ಣ. ಅವರು ಇಳಿಯಬೇಕಲ್ಲ."

ತಿರುವಿನಲ್ಲಿ ನಾನು ಹೆದರಿದ ಹಾಗೆಯೇ ಆಯಿತು. ಪೆಟ್ಟಿಗೆ ಗೋಡೆಗೆ ತಾಗಿ ನಿಂತಿತು. ಹಿಂದೆ ಹೋಗಲು ಇಲ್ಲ, ಮುಂದೆ ಇಲ್ಲ. ಅವರು ಹೆಗಲಿನಿಂದ ಕೈಗೆ ಇಳಿಸಿಕೊಂಡು, ಒಂದು ಬದಿ ಕಟಕಟೆಯ ಮೇಲಿನಿಂದ ಎತ್ತಿ, "ನಿಧಾನ, ನಿಧಾನ" ಎಂದು ತುಳುವಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ತಿರುಗಿಸಿದರು. ನಾನು ತಲೆಯ ಬದಿ ಹಿಡಿದಿದ್ದೆ. ನನ್ನ ಕೈಯಲ್ಲಿ ಇದ್ದದ್ದು ಆ ಮನುಷ್ಯ, ಆದರೆ ಪ್ರತಿ ಮೆಟ್ಟಿಲಿಗೂ ನನ್ನ ಮನಸ್ಸು ಇಳಿಸುತ್ತಿದ್ದದ್ದು ಅಮ್ಮನನ್ನು. ದೇವರೇ, ಬಡಿಯದಿರಲಿ, ನೋವಾಗದಿರಲಿ ಎಂದು ಪ್ರಾರ್ಥಿಸಿದೆ. ಸತ್ತವರಿಗೆ ನೋವಿಲ್ಲ ಎಂದು ಆಗ ನೆನಪಾಗಲಿಲ್ಲ.

ಇಗರ್ಜಿ ತುಂಬಿತ್ತು. ಹೊರಗೂ ಜನ ನಿಂತಿದ್ದರು. ಪೆಟ್ಟಿಗೆ ಒಳಗೆ ಹೋಗುವಾಗ ನಮ್ಮ ವಾಳೆಯವರೆಲ್ಲ ಗೌರವದಿಂದ ಎದ್ದು ನಿಂತರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೈಕು ಕೈಗೆ ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ. ಆದರೆ ಹೊಸ ಸ್ಮಶಾನದ ಕೆಂಪು ಮಣ್ಣನ್ನು ಒಬ್ಬೊಬ್ಬರೂ ಹಿಡಿಹಿಡಿ ಹಾಕಿ, ಆಮೇಲೆ ಆ ಹೆಣ್ಣುಮಕ್ಕಳ ಎದುರು ಏನು ಹೇಳುವುದೆಂದು ತೋಚದೆ ಸುಮ್ಮನೆ ಸಾಲಾಗಿ ನಿಂತದ್ದು ಕಂಡಾಗ ಸಿಟ್ಟು ಇಳಿಯಿತು. ಅವರೂ ಹೆದರಿದವರೇ.

ಮನೆಗೆ ಬಂದಾಗ ಅಮ್ಮ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಸೋಫಾದಲ್ಲಿ ಒರಗಿದ್ದಳು. ಮುಖ ಬಾಡಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ಯಾರು ಬಂದರು, ಯಾರು ಹೊತ್ತರು ಎಲ್ಲ ಕೇಳಿದಳು. ನಾನು ಒಂದೂ ಮುಚ್ಚಿಡದೆ ಹೇಳಿದೆ. ಇನ್ನು ಶುರುವಾಗುತ್ತದೆ, ನೋಡಿದೆಯಾ, ನಾನು ಹೇಳಿದ್ದಲ್ವಾ ಎಂದು ಕಾದೆ.

"ಅವಳತ್ರ ಹೇಳಿ ಬಂದಿದ್ದೇನೆ," ಎಂದಳು.

"ಯಾರತ್ರ? ಎಂತ?"

"ಟೀಚರತ್ರ. ನನ್ನ ದಿನ ಬರುವಾಗ ಈ ಮನೆಗೆ ಗಂಜಿ ಅವಳು ತರ್ಬೇಕು ಅಂತ. ತರ್ತೇನೆ ಅಂದಳು. ನಿನ್ನ ಹೆಂಡತಿಗೆ ತೆಳು ಗಂಜಿ ಆಗುದಿಲ್ಲ, ಸ್ವಲ್ಪ ದಪ್ಪ ಮಾಡು ಅಂತಲೂ ಹೇಳಿದೆ."

"ಗಂಡನನ್ನು ಹೂಳುವ ದಿನ ಯಾರಾದ್ರೂ ಇಂಥದ್ದು ಮಾತಾಡ್ತಾರಾ ಅಮ್ಮ?"

"ಅವಳಿಗೆ ಬೇಜಾರಾಗ್ಲಿಲ್ಲ. ನನ್ನ ಕೈ ಹಿಡ್ಕೊಂಡು ಹೆಸರು ಕೇಳಿದಳು." ಅಮ್ಮ ಚೀಲವನ್ನು ಸೊಂಟದ ಇನ್ನೊಂದು ಬದಿಗೆ ಸರಿಸಿದಳು. "ಹೊಳೆಯಾಚೆ ಅಷ್ಟು ದೂರ ಅವಳು ಗಂಜಿ ಹೊತ್ತುಕೊಂಡು ಬರುದುಂಟಾ? ಬೇಡ. ಇಲ್ಲೇ ಆಗ್ಲಿ ಪುತಾ. ಹೊರ್ಲಿಕ್ಕೆ ಕೆಳಗಿನ ಮನೆಯವರಿದ್ದಾರೆ. ಫಾದರಿಗೆ ಹೇಳಿಬಿಡು."

ವರ್ಷವಿಡೀ ನಾನು ಕಾದ ಮಾತು. ಫಾದರಿಗೆ ಆಗಲೇ ಫೋನು ಮಾಡಬೇಕಿತ್ತು, ಕುಣಿಯಬೇಕಿತ್ತು. ನನಗೆ ಮೈಯೆಲ್ಲ ತಣ್ಣಗಾಯಿತು. ಊರಿಗೇ ಕೊಂಡುಹೋಗು ಎಂದು ಹಟ ಹಿಡಿದಿರುವಷ್ಟು ದಿನ ಅಮ್ಮ ಎಲ್ಲಿಗೂ ಹೋಗುವುದಿಲ್ಲ ಎಂದು ನನ್ನೊಳಗೆ ಯಾರೋ ನಂಬಿಕೊಂಡು ಕುಳಿತಿದ್ದ. ಈಗ ಅವಳು ಒಪ್ಪಿಬಿಟ್ಟಿದ್ದಳು. ಇನ್ನು ಅವಳನ್ನು ತ‌ಡೆಯಲು ನನ್ನ ಬಳಿ ಜಗಳವೂ ಉಳಿದಿರಲಿಲ್ಲ.

"ಬೇಡಮ್ಮ," ಎಂದೆ. "ಊರಿಗೇ ಹೋಗುವ. ನಾನೇ ಕೊಂಡುಹೋಗ್ತೇನೆ. ಮಾತು ಕೊಡ್ತೇನೆ, ಇಲ್ಲಿ ಬೇಡ."

ಅಮ್ಮ ಬಿಸಿನೀರಿನ ಚೀಲ ಬದಿಗಿಟ್ಟಳು. "ಗುರ್ಕಾರಾಗಿ ಎಂತ ಮಾತು ಇದು?" ಎಂದಳು. ಮತ್ತೆ ಮೊದಲಿನಂತೆ, ಮನೆಗೆಲಸದ ಸ್ವರದಲ್ಲಿ, "ಹೋಗು, ಕೈಕಾಲು ತೊಳಿ. ಬೆಳಿಗ್ಗೆಯಿಂದ ನೀನು ಎಂತದೂ ತಿನ್ನಲಿಲ್ಲ. ಗಂಜಿ ಸ್ವಲ್ಪ ತೆಗೆದಿಟ್ಟಿದ್ದೇನೆ" ಎಂದಳು.

ಬಟ್ಟಲು ತಂದು ಅವಳ ಪಕ್ಕದಲ್ಲಿ ಕುಳಿತೆ. ಅವಳು ನೋಡುತ್ತಿದ್ದಾಳೆ ಎಂದು ಒಂದು ತುತ್ತು ಬಾಯಿಗಿಟ್ಟೆ. ಸಾವಿನ ಮನೆಗೆಂದು ಬೇಯಿಸಿದ ಗಂಜಿ, ಅಮ್ಮ ಇರುವಾಗಲೇ ಉಣ್ಣುತ್ತಿದ್ದೆ.